ನನ್ನ ಹಲ್ಲುಪುಡಿಯನ್ನು ಉಂಡ ಮಹನೀಯರಿಗೆ

ಹಿಂದವಾಡಿ, ಬೆಳಗಾವಿ

ಹಲ್ಲು ಕೊರೆಯುವುದರಲ್ಲಿ ನಿಷ್ಣಾತರಾದ ಮಾನ್ಯ ಸೂಕ್ಷ್ಮಾಣುಗಳೇ,

ಸಕುಟುಂಬ ಸಪರಿವಾರರಾದ ತಮಗೆ ಚಂದ್ರವ್ವಳ ಶರಣುಗಳು. ತಾವು ಕಣ್ಣಿಗೆ ಕಾಣದಿದ್ದರೂ ಕ್ಷೇಮವಾಗಿದ್ದೀರೆಂದು, ಕಾಲೇಜಿನ ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ತಮ್ಮನ್ನು ಸಾಕುತ್ತಿರುವ ನನ್ನ ಮೊಮ್ಮಗಳು ನಿಖಿತಾ ತಿಳಿಸಿದ್ದಾಳೆ.

ಖಾನಾಪುರದ ನಮ್ಮ ಹೊಲದ ಬದುವಿನ ಬೇವಿನ ತೊಗಟೆ, ಲವಂಗ, ಸೈಂಧವ ಲವಣ ಕುಟ್ಟಿ ನಾನು ಮಾಡುವ ಹಲ್ಲುಪುಡಿ ನಲವತ್ತು ವರ್ಷಗಳಿಂದ ಈ ಓಣಿಯ ಮನೆಮನೆಯಲ್ಲಿದೆ. ಪೇಸ್ಟ್ ತಂದ ಸೊಸೆಯನ್ನು ಹೊಸ್ತಿಲಲ್ಲೇ ನಿಲ್ಲಿಸಿ ವಿಚಾರಿಸಿದವಳು ನಾನು. ಅಂಥ ಪುಡಿಯನ್ನು ಮುಂದಿಟ್ಟರೆ ತಾವು ನಿರ್ವಂಶರಾಗುವಿರೆಂದು ನಂಬಿ, ನಿಖಿತಾಳ ಕೈಗೆ ಡಬ್ಬಿ ಕೊಟ್ಟು, ಫಲಿತಾಂಶವನ್ನು ಕಾಲೇಜಿನ ಪ್ರದರ್ಶನದಲ್ಲಿ ನನ್ನ ಹೆಸರಿನೊಂದಿಗೇ ಹಾಕಬೇಕೆಂದು ಆಜ್ಞೆ ಮಾಡಿದೆ.

ತಟ್ಟೆಯಲ್ಲಿ ಬರಿಯ ಬೇವಿನ ಕಷಾಯದ ಹನಿ ಬಿಟ್ಟಲ್ಲಿ ತಾವು ಜಾಗ ಖಾಲಿ ಮಾಡಿ ಸರಿದಿರಂತೆ. ಲವಂಗಕ್ಕೆ ಇನ್ನೂ ದೂರ. ನನ್ನ ಪುಡಿಯ ಸುತ್ತ ಮಾತ್ರ ಮದುವೆಮನೆಯ ಬೀಗರ ಪಂಕ್ತಿಯಂತೆ ಒತ್ತೊತ್ತಾಗಿ ಕುಳಿತಿರಿ. ನಿಖಿತಾ ತೆಗೆದು ತಂದ ತಟ್ಟೆಯ ಫೋಟೊ ನೋಡಿದ ಪಕ್ಕದ ಮನೆಯ ಶಾಂತಾಬಾಯಿ, "ಚಂದ್ರವ್ವಾರ, ನಿಮ್ಮ ಕೈರುಚಿ ಅವಕ್ಕೂ ಹತ್ತೇತಿ ನೋಡ್ರಿ" ಎಂದರು. ನಿಖಿತಾ ಕೇಳಿದ್ದು ಒಂದೇ ಮಾತು: "ಅಜ್ಜಿ, ಖರೇ ಹೇಳು, ಇದರಾಗ ಬೆಲ್ಲ ಹಾಕೀಯೇನು?"

ಹಾಕಿದ್ದೆ. ಮಕ್ಕಳು ಕಹಿಗೆ ಮುಖ ತಿರುವಿ ಓಡುತ್ತಿದ್ದುದರಿಂದ ಡಬ್ಬಿಗೆ ಎರಡು ಮುಷ್ಟಿ. ನಲವತ್ತು ವರ್ಷ, ದಿನಕ್ಕೆ ಎರಡು ಹೊತ್ತು, ತಮಗೆ ನಾನೇ ಉಣಬಡಿಸಿದ್ದೇನೆ. ಒಂದು ಪಂಕ್ತಿಯನ್ನೂ ತಪ್ಪಿಸದ ತಮ್ಮ ನಿಷ್ಠೆಯನ್ನು ನನ್ನ ಮನೆಯ ಗಂಡಸರಲ್ಲಿಯೂ ಕಂಡಿಲ್ಲ.

ಆದುದರಿಂದ ವಿನಂತಿ: ಉಂಡ ಋಣಕ್ಕಾಗಿ ಪ್ರದರ್ಶನದ ದಿನವೊಂದಾದರೂ ತಾವು ನನ್ನ ಪುಡಿಯಿಂದ ಎರಡು ಬೆರಳು ಹಿಂದೆ ಸರಿದು ನಿಲ್ಲಬೇಕು, ಸೋಮವಾರಗಳಂದು ಉಪವಾಸ ಹಿಡಿಯಬೇಕು, ಶ್ರಾವಣದಲ್ಲಿ ಯಾರ ದವಡೆಯನ್ನೂ ಮುಟ್ಟಬಾರದು. ಒಪ್ಪದಿದ್ದರೂ ಚಿಂತೆಯಿಲ್ಲ. "ನಿನ್ನ ಹೆಸರು ತಗದಬಿಡಲೇನು?" ಎಂದು ನಿಖಿತಾ ಮೆಲ್ಲಗೆ ಕೇಳಿದಾಗ, "ಯಾಕ ತಗೀತಿ? ಸೋತದ್ದೂ ನನ್ನ ಹೆಸರಿನ್ಯಾಗ ಇರಲಿ. ಬೆಲ್ಲ ಅಂತ ದೊಡ್ಡ ಅಕ್ಷರದಾಗ ಬರಿ, ಓಣಿಯವರು ಓದಲಿ" ಎಂದಿದ್ದೇನೆ.

ಇಷ್ಟು ವರ್ಷ ಅರಿಯದೆಯೇ ತಮ್ಮ ವಿಶ್ವಾಸಿಯಾಗಿದ್ದ,
ಚಂದ್ರವ್ವ

ತಾ.ಕ.: ಬೆಲ್ಲವಿಲ್ಲದ ಹೊಸ ಪುಡಿ ನಾಳೆ ಬೆಳಿಗ್ಗೆ ತಮ್ಮ ತಟ್ಟೆಗೆ ಬರಲಿದೆ. ಬಂಧುಬಳಗ ಸಮೇತ ಬರಬೇಕು. ತಾಂಬೂಲದ ವ್ಯವಸ್ಥೆ ಮಾಡಿಲ್ಲ. ತಾಂಬೂಲದ ಹೊತ್ತಿನವರೆಗೆ ತಾವು ಉಳಿಯುವುದಿಲ್ಲ.