ಊರವರ ಮೊಣಕಾಲು, ಅತ್ತೆಯ ಎಡಭುಜ

ಜನವರಿ ಹನ್ನೆರಡು, ಭಾನುವಾರ, ಬೆಳಗ್ಗೆ ಏಳೂಕಾಲು. ಅತ್ತೆ ತರಕಾರಿಗೆ ಹೋಗಿದ್ದಾರೆ. ಅವರು ಬರುವುದರೊಳಗೆ ಇದನ್ನು ಶುರು ಮಾಡಿಬಿಡಬೇಕು. ನಾನು ಹೀಗೆ ಬಗ್ಗಿ ಕೂತು ಬರೆಯುವುದನ್ನು ಕಂಡರೆ ಬರಹ ಅಲ್ಲಿಗೇ ನಿಂತು ನನ್ನ ಬೆನ್ನುಮೂಳೆಯ ವಿಚಾರಣೆ ಶುರುವಾಗುತ್ತದೆ!

ಅಪ್ಪನ ಅಕ್ಕ, ಅಂದರೆ ನಮ್ಮ ಅತ್ತೆ, ಯಾರನ್ನಾದರೂ ಮುಖ ನೋಡಿ ಮಾತಾಡಿಸಿದ್ದನ್ನು ನಾನಂತೂ ಕಂಡಿಲ್ಲ. ಅವರು ನೋಡುವುದು ಮೊಣಕಾಲನ್ನು. ಸರಸ್ವತಿ ನಗರದ ನಮ್ಮ ಮನೆಗೆ ಯಾರೇ ಬರಲಿ, ಗೇಟು ದಾಟಿ ಮೆಟ್ಟಿಲು ಹತ್ತುವುದರೊಳಗೆ ತೀರ್ಪು ಸಿದ್ಧ. "ಬರ್ರಿ, ಕೂಡ್ರಿ. ನೆಲದ ಮ್ಯಾಲೆ ಬ್ಯಾಡ, ಕುರ್ಚಿ ಮ್ಯಾಲೆ. ನಿಮ್ಮ ಬಲಗಾಲಿನ ಕೀಲು ಸವದೈತೆ." ಬಂದವರು ಲಗ್ನಪತ್ರಿಕೆ ಕೊಡಲು ಬಂದಿರುತ್ತಾರೆ, ಪಾಪ! ಅತ್ತೆ ಓದಿದ್ದು ಎಸ್ಸೆಸ್ಸೆಲ್ಸಿ. ಮಿಕ್ಕಿದ್ದೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ಕಲಿತದ್ದು. ಅಜ್ಜಿಯ ಸೊಂಟ ಮುರಿದಾಗ ಜೊತೆಗೆ ಓಡಾಡಿದವರು ಅವರೇ.

ಎಲ್ಲಕ್ಕೂ ಲೆಕ್ಕ ಇಡುವ ಚಟ ನನಗೆ, ಇದಕ್ಕೂ ಇಟ್ಟಿದ್ದೇನೆ. ಹೋದ ವರ್ಷ ಅತ್ತೆ ಪತ್ತೆ ಮಾಡಿದ ಹನ್ನೊಂದು ಕಾಯಿಲೆಗಳಲ್ಲಿ ಎಂಟನ್ನು ಡಾಕ್ಟರೂ ಒಪ್ಪಿದರು. ತಪ್ಪಿದವುಗಳಲ್ಲಿ ಅಪ್ಪನ ಕಾಲಿನ ಹೆಬ್ಬೆರಳು ಒಂದು. ಅದು ಕೆಂಪಗೆ ಊದಿದ್ದೇ ತಡ, "ಯೂರಿಕ್ ಆಸಿಡ್ ಏರೈತೆ" ಎಂದು ಬೇಳೆಕಾಳು ಬಂದ್! ನಾಲ್ಕು ದಿನ ಅಪ್ಪನಿಗೆ ಬರೀ ಮಜ್ಜಿಗೆ ಅನ್ನ. ಐದನೇ ದಿನ ಅಪ್ಪ ಮಂಡಿಪೇಟೆಯಲ್ಲಿ ಕೊಂಡಿದ್ದ ಹೊಸ ಚಪ್ಪಲಿ ಮೂಲೆಗೆಸೆದು ಹಳೆಯದು ಮೆಟ್ಟಿದರು, ಬೆರಳು ತಣ್ಣಗಾಯಿತು. "ನನ್ನ ಪಥ್ಯದಿಂದಾನೇ ಗುಣ ಆತು" ಎಂದು ಅತ್ತೆ ಈಗಲೂ ವಾದಿಸುತ್ತಾರೆ.

ಆದರೆ ನಮ್ಮ ಹಳ್ಳಿ ಭಾನುವಳ್ಳಿಯಲ್ಲಿ ಅವರನ್ನು ನೋಡಬೇಕಿತ್ತು. ಅವರ ಕಿರಿಯ ತಮ್ಮ, ನಮ್ಮ ಚಿಕ್ಕಪ್ಪ, ಕಾಲುವೆ ಏರಿಯಿಂದ ಜಾರಿ ಬಿದ್ದಿದ್ದರು. ಮಣಿಕಟ್ಟು ಬನ್ನಿನಂತೆ ಊದಿತ್ತು. ಮನೆಯವರೆಲ್ಲ ಎಣ್ಣೆ ಬಿಸಿ ಮಾಡಿ ತಿಕ್ಕಲು ಹೊರಟರು.

"ಮುಟ್‌ಬ್ಯಾಡ್ರಿ! ಮುರದಿರೋದನ್ನ ತಿಕ್ಕಿದ್ರೆ ಕೂಡ್ತೈತೇನು? ಏ ತಮ್ಮ, ಮೊದ್ಲು ಉಂಗ್ರ ತೆಗಿ. ಊದಿಕೊಂಡ್ರೆ ಕತ್ತರಿಸ್ಬೇಕಾಗ್ತೈತೆ."

"ಬೆರಳಾ?" ಚಿಕ್ಕಪ್ಪ ಬೆವರಿದರು.

"ಉಂಗ್ರ ಕಣಪ್ಪ!"

ಅಡುಗೆಮನೆಯಿಂದ ಮುದ್ದೆ ಕೋಲು ತಂದು, ಟವೆಲ್ ಸುತ್ತಿ, ಕೈ ಅಲುಗದಂತೆ ಕಟ್ಟಿದರು. ಆ ವೇಷದಲ್ಲೇ ಹರಿಹರದ ಬಸ್ಸು. "ಏನ್ರಿ ಯಜಮಾನ್ರ, ಊಟಕ್ಕೆ ಹೊಂಟೀರೋ, ಬಡಿದಾಟಕ್ಕೋ?" ಎಂದ ಕಂಡಕ್ಟರ್. ಎಕ್ಸ್‌ರೇಯಲ್ಲಿ ಮೂಳೆ ಸೀಳಿದ್ದು ಕಂಡಿತು. "ತಿಕ್ಕದೆ ಕರ್ಕೊಂಡು ಬಂದಿದ್ದು ಒಳ್ಳೇದಾತು. ಇಷ್ಟು ಚೆನ್ನಾಗಿ ಕಟ್ಟಿದ್ದು ಯಾರು?" ಎಂದು ಡಾಕ್ಟರು ಕೇಳಿದರೆ ನಮ್ಮ ಅತ್ತೆಯ ಉತ್ತರ: "ಕೋಲು ವಾಪಸ್ ಕೊಡ್ರಿ ಸಾರ್, ರಾತ್ರಿ ಅಡುಗಿ ಆಗ್ಬೇಕು!"

ಇಂಥ ಅತ್ತೆಯ ಇಷ್ಟಲಿಂಗ ಪೂಜೆ ಕಳೆದ ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಉದ್ದವಾಯಿತು. ಕಾಲು ಗಂಟೆಯದು ಮುಕ್ಕಾಲು ಗಂಟೆ! ಬಾಗಿಲು ಬೇರೆ ಮುಂದೆ ಮಾಡಿಕೊಳ್ಳುತ್ತಿದ್ದರು. "ವಯಸ್ಸಾದಂಗೆ ಭಕ್ತಿ ಬಲೀತೈತೆ" ಎಂದು ಅಪ್ಪ ದೂರದಿಂದಲೇ ಕೈಮುಗಿದರು. ಪಕ್ಕದ ಮನೆಯವರು ಬಂದು ಅತ್ತೆಯ ಕೈಯಿಂದಲೇ ವಿಭೂತಿ ಹಚ್ಚಿಸಿಕೊಂಡು ಹೋಗತೊಡಗಿದರು.

ಒಂದು ಬೆಳಗ್ಗೆ ಹೂವು ಕೊಡಲು ಒಳಗೆ ಹೋದೆ. ಅತ್ತೆಯ ಎಡ ಮೊಣಕೈ ಕೆಳಗೆ ಮಣೆ, ಮಣೆಯ ಕೆಳಗೆ ದಿಂಬು, ಆ ದಿಂಬಿನ ಕೆಳಗೆ ಇನ್ನೊಂದು ದಿಂಬು. ಅಂಗೈಯಲ್ಲಿ ಲಿಂಗ. ಅದನ್ನು ಎದೆಯ ಮಟ್ಟಕ್ಕೆ ತರಲು ಬಲಗೈ ಎಡಗೈಯನ್ನು ಎತ್ತುತ್ತಿತ್ತು. ಹಣೆಯಲ್ಲಿ ಬೆವರು. ಬಲಿತದ್ದು ಭಕ್ತಿಯಲ್ಲ, ಭುಜದ ನೋವು!

"ಯಾರಿಗೂ ಹೇಳ್‌ಬ್ಯಾಡ," ಎಂದರು.

"ಬೇರೆಯವರಿಗೆ ಹಿಂಗಾಗಿದ್ರೆ ಏನಂತಿದ್ರಿ ಅತ್ತೆ?"

"ಭುಜದ ಕೀಲು ಬಿಗದೈತೆ, ಸಕ್ಕರೆ ಕಾಯಿಲೆ ಇರೋರಿಗೆ ಜಾಸ್ತಿ, ನಡಿ ಡಾಕ್ಟ್ರ ಹತ್ರ ಅಂತಿದ್ದೆ."

"ಮತ್ತೆ ನೀವ್ಯಾಕ ಹೋಗ್ಲಿಲ್ಲ?"

ಅತ್ತೆ ಲಿಂಗವನ್ನೇ ನೋಡುತ್ತಿದ್ದರು. "ಸಣ್ಣಾಕಿ ಇದ್ದಾಗ ಗುರುಗಳು ಈ ಕೈಗೆ ಕೊಟ್ಟಿದ್ದು ಕಣೆ ಇದು. ಇನ್ನು ಈ ಕೈ ಏಳಲ್ಲ ಅಂತ ಡಾಕ್ಟ್ರು ಅಂದ್ಬಿಟ್ರೆ?"

ಮರುದಿನವೇ ಕರೆದುಕೊಂಡು ಹೋದೆ. ಡಾಕ್ಟರು ಹಾಗೇನೂ ಅನ್ನಲಿಲ್ಲ. ಗುಣವಾಗುತ್ತದೆ, ಆದರೆ ತಿಂಗಳುಗಳೇ ಬೇಕು; ಮೊದಲಿನಿಂದ ಇರುವ ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ; ನೋವೆಂದು ಕೈಯನ್ನು ಸುಮ್ಮನೆ ಇಟ್ಟುಕೊಂಡರೆ ಇನ್ನೂ ಬಿಗಿಯುತ್ತದೆ; ದಿನಾ ಗೋಡೆಯ ಮೇಲೆ ಬೆರಳುಗಳನ್ನು ಮೇಲಕ್ಕೆ ನಡೆಸಿ ಎಂದರು.

"ಹಲ್ಲಿ ಥರಾನಾ?"

"ಹಲ್ಲಿ ಥರಾನೇ, ಅಮ್ಮ."

ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಹೊತ್ತು ಹಲ್ಲಿಯ ಕಸರತ್ತು. ಬೆರಳು ತಲುಪಿದಲ್ಲಿಗೆ ನಾನು ಪೆನ್ಸಿಲಿನಲ್ಲಿ ಗೀಟೆಳೆದು ತಾರೀಖು ಹಾಕುತ್ತೇನೆ. ಮೊದಮೊದಲು ಗೀಟುಗಳು ಒಂದರ ಮೇಲೊಂದು ಬಿದ್ದು ಗೋಡೆ ಕಪ್ಪಾಯಿತು. ಆಮೇಲೆ ನಿಧಾನವಾಗಿ ಸ್ವಿಚ್‌ಬೋರ್ಡ್ ದಾಟಿದವು.

ಹೋದ ಸೋಮವಾರ ಮಣೆ ಗೋಡೆಗೆ ಒರಗಿತ್ತು, ದಿಂಬುಗಳು ಮಂಚದ ಮೇಲಿದ್ದವು. ಎಡಗೈ ತುಸು ನಡುಗುತ್ತ ತಾನೇ ಎದ್ದಿತು, ನಿಂತಿತು. ಪೂಜೆ ಇಪ್ಪತ್ತು ನಿಮಿಷಕ್ಕೆ ಮುಗಿಯಿತು. "ಯಾಕೋ ನಮ್ಮಕ್ಕಂಗೆ ಭಕ್ತಿ ಕಮ್ಮಿ ಆತು" ಎಂದು ಅಪ್ಪ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು!

ಕೈ ಬೆನ್ನ ಹಿಂದಕ್ಕೆ ಮಾತ್ರ ಇನ್ನೂ ಹೋಗುವುದಿಲ್ಲ. ಹಾಗಾಗಿ ತುರುಬು ಕಟ್ಟುವವಳು ನಾನು. ಇದುವರೆಗೆ ಯಾರ ಕೈಗೂ ಕೊಡದ ತಲೆ ಅದು. ಬಾಚಣಿಗೆ ಹಿಡಿದು ಹಿಂದೆ ಕೂತರೆ ಅತ್ತೆ ಯಾರ ನಡಿಗೆಯನ್ನೂ ನೋಡದೆ ಕಣ್ಣು ಮುಚ್ಚುತ್ತಾರೆ. ಒಮ್ಮೊಮ್ಮೆ ನನಗೆ ಒರಗಿ ನಿದ್ದೆಯನ್ನೂ ಹೋಗುತ್ತಾರೆ. ಇಂಥ ಭುಜ ಪೂರ್ತಿ ಸಡಿಲವಾಗಲು ಎಷ್ಟು ಕಾಲ ಹಿಡಿಯಿತು, ಯಾವ ವ್ಯಾಯಾಮ ನೆರವಾಯಿತು ಎಂದು ಇದನ್ನು ಓದಿದವರಲ್ಲಿ ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಅವಸರ ಇರುವುದು ಅತ್ತೆಗೆ. ನನಗೆ ಅಷ್ಟೇನಿಲ್ಲ.