ಅಂಗೈ ಬಿಟ್ಟ ಕಡಬು

ಮಕ್ಕಳ ಬಗ್ಗೆ ಹೆಮ್ಮೆಪಡಲು ಅವರು ಓದುವುದು ನಮಗೆ ತಿಳಿಯಲೇಬೇಕೆಂಬ ನಿಯಮವೇನಿಲ್ಲ. ಇದ್ದಿದ್ದರೆ ಬಾಗಲಕೋಟೆಯ ಅರ್ಧ ತಾಯಂದಿರು ತಲೆ ತಗ್ಗಿಸಿಯೇ ಸಂತೆಗೆ ಹೋಗಬೇಕಾಗುತ್ತಿತ್ತು. ಕಾನ್ವೆಂಟಿನ ಸಿಸ್ಟರುಗಳ ಕೃಪೆಯಿಂದ ನಾನು ಮಗಳು ಗಿರಿಜೆಯ ಬಿ.ಎಸ್ಸಿ. ಪುಸ್ತಕವನ್ನು ಒಂದು ಉಚ್ಚಾರವೂ ತಪ್ಪದಂತೆ ಗಟ್ಟಿಯಾಗಿ ಓದಬಲ್ಲೆ. ಅರ್ಥವಾಗುವುದು ಪೂರ್ಣವಿರಾಮಗಳು ಮಾತ್ರ.

ಅವಳು ಕಾಲೇಜಿನಲ್ಲಿ ಸೆಮಿನಾರ್ ಕೊಡಬೇಕಿತ್ತು. "ಚಂದ ಮಾತಾಡಿದ್ರ ಎಮ್ಮೆಸ್ಸಿಗೆ ಧಾರವಾಡ. ತೊದಲಿದ್ರ ಓದು ಇಷ್ಟಕ್ಕ ಸಾಕು" ಎಂದು ನಮ್ಮ ಮನೆಯವರು ಅಪ್ಪಣೆ ಕೊಡಿಸಿದ್ದರು. ವಿಷಯ, ಜೀವಕೋಶದೊಳಗೆ ಸರಕು ಹೊತ್ತು ಓಡಾಡುವ ಪುಟ್ಟ ಗುಳ್ಳೆಗಳು ಮತ್ತು ಅವಕ್ಕೆ ಹೊದಿಕೆಯಾಗುವ ಪ್ರೋಟೀನುಗಳು. ಎಳ್ಳಮಾವಾಸ್ಯೆಯ ಬೆಳಿಗ್ಗೆ ನಾನು ಕಡಬು ಮಾಡುತ್ತ ಕೂತಿದ್ದಾಗ ಗಿರಿಜೆ ಪುಸ್ತಕ ಹಿಡಿದು ಬಂದು ಒಲೆಯ ಮುಂದೆ ಕುಸಿದಳು.

"ಅವ್ವಾ, ಈ ಹೊದಿಕಿ ಪ್ರೋಟೀನು ಪೊರಿಯ ಹೊರಮೈಗೆ ಬಂದು ಕೂಡತೈತಿ, ಅದನ್ನ ಬಗ್ಗಸ್ತೈತಿ, ಬೇಕಾದ ಸರಕು ಒಳಗ ಸೇರಿಸಿ ಗುಳ್ಳಿ ಮಾಡ್ತೈತಿ. ಇಷ್ಟೆಲ್ಲಾ ಮಾಡಿ ಕಡೀಕ ತಾನs ಕಳಚಿ ಹೋಗತೈತಂತ! ಯಾಕ? ಸರ್ ಅದನ್ನ ಕೇಳೇ ಕೇಳ್ತಾರ."

ನನ್ನ ಬಾಗಿದ ಅಂಗೈಯಲ್ಲಿ ಕಣಕದ ಹಾಳೆಯಿತ್ತು. ಹೂರಣ ಇಟ್ಟು, ಮಡಚಿ, ಅಂಚು ಒತ್ತಿ, ಎಣ್ಣೆಗೆ ಬಿಡಲು ಹೊರಟೆ.

"ತಡಿ ಅವ್ವಾ! ಕೈ ಬಿಡಬ್ಯಾಡ!"

"ಬಿಡಲಿಲ್ಲಂದ್ರ ಕಡಬಿನ ಕೂಡ ಕೈನೂ ಕರಿಲೇನು?"

"ಅದs ಮತ್ತ! ನಿನ್ನ ಅಂಗೈನs ಹೊದಿಕಿ. ಹಾಳಿ ಬಗ್ಗಸೂದು ಅದು. ಬಿಡಲಿಲ್ಲಂದ್ರ ಕಡಬು ಮುಟ್ಟೂ ಜಾಗಾ ಮುಟ್ಟೂದಿಲ್ಲ. ಮುಂದಿನ ಕಡಬಿಗೆ ಕೈನೂ ಖಾಲಿ ಇರೂದಿಲ್ಲ!"

ಸೆಮಿನಾರಿಗೆ ಅವಳು ಕಣಕ, ಹೂರಣ ಎರಡನ್ನೂ ಡಬ್ಬಿಯಲ್ಲಿ ಒಯ್ದಳು. ಸರ್ ಆ ಪ್ರಶ್ನೆಯನ್ನೇ ಕೇಳಿದರಂತೆ. ಇವಳು ಅಂಗೈಯಲ್ಲಿ ಕಣಕ ಬಾಗಿಸಿ, ಹೂರಣ ತುಂಬಿ, ಮಡಚಿ, ಅಂಗೈ ತೆರೆದು, ಹಸಿ ಕಡಬನ್ನು ಅವರ ಮೇಜಿನ ಮೇಲೆ ಇಳಿಸಿದಳಂತೆ. ಇಡೀ ಕ್ಲಾಸು ಚಪ್ಪಾಳೆ. ಆಮೇಲೆ ಅವರೇ ಪೇಟೆಯಲ್ಲಿ ನಮ್ಮ ಮನೆಯವರನ್ನು ನಿಲ್ಲಿಸಿ, "ಧಾರವಾಡಕ್ಕ ಕಳಸ್ರಿ, ಇಲ್ಲಂದ್ರ ಪಾಪ ಬರ್ತೈತಿ" ಎಂದರು.

ನನ್ನನ್ನು ಹಿಡಿಯುವವರು ಯಾರು! ಓಣಿಯ ಪ್ರತಿ ಕಟ್ಟೆಯ ಮೇಲೂ ಅಂಗೈ ಬಾಗಿಸಿ, ಬಿಟ್ಟು ತೋರಿಸಿದೆ. ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟಿನ ಅಂಗಡಿಯವನಿಗೂ ವಿವರಿಸಿದೆ. ಆತ ಶ್ರದ್ಧೆಯಿಂದ ಕೇಳಿ, "ಖರೆ ಐತ್ರಿ ಅಕ್ಕಾರ. ಅರ್ಧಾ ಕಿಲೋ ಕಟ್ಟಲೇನ್ರಿ?" ಎಂದ.

ಧಾರವಾಡಕ್ಕೆ ಹೊರಡುವ ದಿನ ಬಂತು. ಗಿರಿಜೆ ಕಿಟಕಿಯ ಪಕ್ಕ ಕೂತಳು. ಬುತ್ತಿ ಕೊಟ್ಟೆ, ಬುದ್ಧಿ ಹೇಳಿದೆ, ಮತ್ತೊಮ್ಮೆ ಬುದ್ಧಿ ಹೇಳಿದೆ. ಕಂಡಕ್ಟರ್ ಸೀಟಿ ಊದಿದರೂ ಬಸ್ಸು ಅಲ್ಲೇ ಗುರುಗುಟ್ಟುತ್ತಿತ್ತು. ಊರಿಗೆಲ್ಲ ಪಾಠ ಹೇಳಿದ ನನ್ನ ಅಂಗೈ, ಕಿಟಕಿಯ ಸರಳುಗಳ ನಡುವೆ ಅವಳ ಕೈಯನ್ನು ಗಟ್ಟಿಯಾಗಿ ಹಿಡಿದೇ ಇತ್ತು.

"ಅಕ್ಕಾರ, ಕೈ ಬಿಡ್ರಿ" ಎಂದ ಕಂಡಕ್ಟರ್. "ಬಸ್ಸು ಧಾರವಾಡ ಮುಟ್ಟಬ್ಯಾಡೇನು?"

ಒಳಗೆ ಗಿರಿಜೆ ಕಣ್ಣೊರೆಸಿಕೊಳ್ಳುತ್ತ ನಕ್ಕಳು. "ಇವರೂ ಬಯಾಲಜಿ ಓದ್ಯಾರವ್ವಾ!"