ಮೇಸ್ತ್ರಿಗಳ ಸೀಟಿಗೆ ತಗ್ಗು ಬಿದ್ದದ್ದು

ಮೂವತ್ತೊಂದು ವರ್ಷಗಳಲ್ಲಿ ಮೇಸ್ತ್ರಿಗಳು ಹೊಲಿದು ಕಳಿಸಿದ ಒಂದೇ ಒಂದು ಲಾರಿ ಸೀಟೂ ಅಂಗಡಿಗೆ ವಾಪಸ್ಸು ಬಂದಿರಲಿಲ್ಲ. ಈ ಮಾತನ್ನು ಅವರು ಹೊಸ ಗಿರಾಕಿಗಳಿಗೆ ಹೇಳುತ್ತಿದ್ದರು, ಹಳೆಯ ಗಿರಾಕಿಗಳಿಗೆ ನೆನಪಿಸುತ್ತಿದ್ದರು, ಯಾರೂ ಸಿಗದಿದ್ದರೆ ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಡುತ್ತ ಅದಕ್ಕೇ ಹೇಳಿಕೊಳ್ಳುತ್ತಿದ್ದರು. ಹೀಗಿರುವಾಗ ಒಂದು ಬೆಳಿಗ್ಗೆ, ಮೂರು ದಿನದ ಹಿಂದಷ್ಟೇ ಸಿಂಗರಿಸಿ ಕಳಿಸಿದ್ದ ಸೀಟು, ಮುನಿಸಿಕೊಂಡು ತವರಿಗೆ ಬಂದ ಹೊಸ ಮದುಮಗಳ ಹಾಗೆ, ಅದೇ ಹಳೆಯ ಲಾರಿಯಲ್ಲಿ ಕೂತು ಅಂಗಡಿಯ ಮುಂದೆ ಬಂದು ನಿಂತಿತು.

ಸೀಟಿನ ವಿಷಯಕ್ಕೆ ಹೋಗುವ ಮೊದಲು ಒಂದು ಪೀಠಿಕೆ ಬೇಕು. (ಪೀಠ ಎಂದರೂ ಸೀಟೇ. ಆದ್ದರಿಂದ ಪೀಠಿಕೆ ಎಂದರೆ ಚಿಕ್ಕ ಸೀಟು ಎಂದುಕೊಂಡು ಸ್ವಲ್ಪ ಹೊತ್ತು ಕೂತಿರಿ.) ಮೇಸ್ತ್ರಿಗಳು ಹಳೆಯ ಲಾರಿಗಳ ಉದ್ದ ಸೀಟುಗಳ ಡಾಕ್ಟರು. ಡ್ರೈವರನ ಬಾಗಿಲಿನಿಂದ ಆ ಕಡೆಯ ಬಾಗಿಲಿನವರೆಗೆ ಬೆಂಚಿನಂತೆ ಒಂದೇ ಉದ್ದಕ್ಕೆ ಇರುತ್ತದಲ್ಲ, ಆ ಸೀಟು. ಕಾರಿನ ಒಂಟಿ ಸೀಟುಗಳನ್ನು ಅವರು ಮುಟ್ಟುತ್ತಲೇ ಇರಲಿಲ್ಲ. "ಅದು ಸೀಟಲ್ಲ, ಬುಟ್ಟಿ" ಎನ್ನುತ್ತಿದ್ದರು. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಮನೆ ಎಂದರೆ ಅಂಗಡಿಯ ಹಿಂದಿನ ಎರಡು ಕೋಣೆ. ನಡುವೆ ಒಂದು ಪರದೆ, ಅದೂ ರೆಕ್ಸಿನ್ನಿನದೇ. ಅಂಗಡಿಯಲ್ಲಿ ಉಳಿದ ತುಂಡು ರೆಕ್ಸಿನ್ನೆಲ್ಲ ಈ ಪರದೆ ದಾಟಿ ಒಳಗೆ ಬಂದು ಸಂಸಾರ ಹೂಡಿತ್ತು. ಕಾಲೊರಸು ರೆಕ್ಸಿನ್, ಸ್ಟೂಲಿನ ಮೇಲೆ ರೆಕ್ಸಿನ್, ಕೊನೆಗೆ ದಿಂಬಿಗೂ ರೆಕ್ಸಿನ್. ಸೆಖೆಗಾಲದಲ್ಲಿ ಮೇಸ್ತ್ರಿಗಳ ಹೆಂಡತಿ ಬೆಳಿಗ್ಗೆ ಎದ್ದು ಕೆನ್ನೆಯನ್ನು ದಿಂಬಿನಿಂದ ಬಿಡಿಸಿಕೊಂಡರೆ ಚರ್ರೆಂದು ಪಕ್ಕದ ಮನೆಗೆ ಕೇಳುತ್ತಿತ್ತು.

ಇನ್ನು ಆ ಲಾರಿಯ ಯಜಮಾನನಿಗೆ ಎಲ್ಲರೂ ಮೀಸೆ ಡ್ರೈವರ್ ಎನ್ನುತ್ತಿದ್ದರು. ಆಳೂ ಮೀಸೆಗೆ ತಕ್ಕ ಹಾಗೆ ಭರ್ತಿ. ಇಪ್ಪತ್ತೆರಡು ವರ್ಷದಿಂದ ಅದೇ ಲಾರಿ, ಅದೇ ಸೀಟು, ಪಕ್ಕದಲ್ಲಿ ಕ್ಲೀನರ್ ಬದಲು ಅದೇ ಹೆಂಡತಿ. ಎಷ್ಟು ದೂರದ ಲೋಡಾದರೂ ಇಬ್ಬರೂ ಜೊತೆಯಲ್ಲೇ ಹೋಗಿ ಜೊತೆಯಲ್ಲೇ ಬರುತ್ತಿದ್ದರು. ಸೀಟಿನ ಅವಸ್ಥೆ ಮಾತ್ರ ಹೇಳತೀರದು. ರೆಕ್ಸಿನ್ ಹರಿದು, ಹರಿದದ್ದಕ್ಕೆ ಟೇಪು ಹಚ್ಚಿ, ಟೇಪು ಕಿತ್ತುಬಂದದ್ದಕ್ಕೆ ಕಂಬಳಿ ಹೊದಿಸಿ, ಆ ಕಂಬಳಿಯನ್ನೂ ತೂರಿಕೊಂಡು ಒಂದು ಸ್ಪ್ರಿಂಗು ಹೊರಗೆ ಇಣುಕುತ್ತಿತ್ತು.

"ಹರಿದುಹೋಗಿದೆ ಮೇಸ್ತ್ರಿಗಳೇ, ಸ್ವಲ್ಪ ನೋಡಿ" ಎಂದು ಹೇಳಿ ಅವನು ಬಿಟ್ಟುಹೋಗಿದ್ದ.

ಸ್ವಲ್ಪ ನೋಡುವುದು ಮೇಸ್ತ್ರಿಗಳ ಜಾಯಮಾನದಲ್ಲೇ ಇರಲಿಲ್ಲ. ಸೀಟನ್ನು ಮೂಳೆಯವರೆಗೂ ಬಿಚ್ಚಿದರು. ಒಳಗಿನಿಂದ ಒಂದು ಬಾಚಣಿಗೆ, ಎರಡು ಚಮಚ, ಅರ್ಧ ಬಳೆ, ಲೆಕ್ಕವಿಲ್ಲದಷ್ಟು ಸೇಫ್ಟಿ ಪಿನ್ನು, ಮತ್ತು ಯಾವುದೋ ಕಾಲದಲ್ಲಿ ಗಂಡಹೆಂಡಿರ ನಡುವೆ ಮಹಾಯುದ್ಧಕ್ಕೆ ಕಾರಣವಾಗಿದ್ದಿರಬಹುದಾದ ಒಂದು ಸ್ಪ್ಯಾನರ್ ಹೊರಬಂದವು. ಕಬ್ಬಿಣದ ಚೌಕಟ್ಟಿನ ತುಕ್ಕು ಉಜ್ಜಿ, ಬಣ್ಣ ಬಳಿದು, ಸೊಂಟ ಮುರಿದ ಸ್ಪ್ರಿಂಗುಗಳನ್ನು ಬದಲಾಯಿಸಿ, ಒಂದೊಂದನ್ನೂ ಪಕ್ಕದ್ದಕ್ಕೆ ದಾರದಿಂದ ಬಿಗಿದು ಕಟ್ಟಿದರು. ಮೇಲೆ ಗೋಣಿತಾಟು, ಅದರ ಮೇಲೆ ನಾರಿನ ಹಾಸು, ಅದರ ಮೇಲೆ ಫೋಮು, ಎಲ್ಲದರ ಮೇಲೆ ಹುರಿದ ಕಾಫಿಬೀಜದ ಬಣ್ಣದ ರೆಕ್ಸಿನ್ನು, ಅಂಚಿಗೆ ಜೋಡಿ ಹೊಲಿಗೆ. ಕೊನೆಗೆ ಗಾರೆ ಕೆಲಸದವರ ರಸಮಟ್ಟ ತಂದು ಸೀಟಿನ ಮೇಲಿಟ್ಟರು. ಅದರೊಳಗಿನ ಗುಳ್ಳೆ ಎರಡು ಗೆರೆಗಳ ನಟ್ಟನಡುವೆ ಬಂದು ಅಲ್ಲಾಡದೆ ನಿಂತಿತು.

"ಏ ಇವಳೇ, ಬಾ ಇಲ್ಲಿ! ನೀರು ಸುರಿದ್ರೆ ಯಾವ ಕಡೆ ಹೋಗ್ಲಿ ಅಂತ ನೀರೇ ಕೇಳ್ಬೇಕು. ಹಾಗಿದೆ!"

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಒಂದು ಬೆರಳು ಮುಂದೆ ಚಾಚಿದಳು.

"ಮುಟ್ಬೇಡ, ಗುರುತು ಬೀಳುತ್ತೆ!"

ಅವಳು ಬೆರಳನ್ನು ವಾಪಸ್ಸು ತೆಗೆದುಕೊಂಡು, "ಚೆನ್ನಾಗಿದೆ. ಇದು ಕೂತ್ಕೊಳ್ಳೋಕಾ, ನೋಡೋಕಾ?" ಎಂದು ಕೇಳಿ ಒಳಗೆ ಹೋದಳು. ಮೇಸ್ತ್ರಿಗಳು ಇದನ್ನು ಹೊಗಳಿಕೆಯ ಲೆಕ್ಕಕ್ಕೇ ಸೇರಿಸಿಕೊಂಡರು.

ಅಂಥ ಸೀಟು ಈಗ ವಾಪಸ್ಸು ಬಂದಿತ್ತು. ಮೀಸೆ ಡ್ರೈವರ್ ಈ ಕಡೆಯಿಂದ ಇಳಿದ. ಆ ಕಡೆಯಿಂದ ಅವನ ಹೆಂಡತಿ ಇಳಿದಳು. ಇಳಿದಳು ಎನ್ನುವುದಕ್ಕಿಂತ ಜಾರಿದಳು.

"ಏನಾಯ್ತು? ಹೊಲಿಗೆ ಬಿಡ್ತಾ?" ಮೇಸ್ತ್ರಿಗಳು ಕೈಯಲ್ಲಿದ್ದ ದಾರದುಂಡೆ ಸಮೇತ ಹೊರಗೆ ಓಡಿಬಂದರು.

"ಹೊಲಿಗೆಗೇನಾಗಿದೆ, ಗಟ್ಟಿಯಾಗಿದೆ. ನಾವೇ ಬಿಟ್ಕೋತಾ ಇದೀವಿ" ಎಂದ ಡ್ರೈವರ್. "ನನ್ನ ತಲೆ ಮೇಲ್ಗಡೆ ತಗಡಿಗೆ ಹೊಡೆಯುತ್ತೆ. ಬ್ರೇಕ್ ಹಾಕಿದ್ರೆ ನಾನು ಸ್ಟೀರಿಂಗಿಗೆ, ಇವಳು ಗಾಜಿಗೆ. ಎಡಕ್ಕೆ ತಿರುಗಿಸಿದ್ರೆ ಇವಳು ಬಾಗಿಲಿಂದ ಹೊರಟವಳು ನೇರ ನನ್ನ ಮಡಿಲಿಗೆ."

"ಮಡಿಲಿನ ಮಾತು ಬಿಡಿ" ಎಂದಳು ಅವನ ಹೆಂಡತಿ. "ನಮ್ಮ ತಗ್ಗು ಎಲ್ಲಿ ಮೇಸ್ತ್ರಿಗಳೇ?"

"ಯಾವ ತಗ್ಗು ಅಕ್ಕಾ?"

"ಎರಡು ತಗ್ಗಿತ್ತಲ್ಲ! ಸ್ಟೀರಿಂಗ್ ಹತ್ರ ಇವರದ್ದು, ಕಿಟಕಿ ಹತ್ರ ನಂದು. ನಡುವೆ ದಿಣ್ಣೆ. ದಿಣ್ಣೆ ಮೇಲೆ ಊಟದ ಡಬ್ಬಿ. ಇಪ್ಪತ್ತೆರಡು ವರ್ಷ ಕೂತು ಕೂತು ಮಾಡ್ಕೊಂಡಿದ್ದ ಜಾಗ. ಮೂರೇ ದಿನದಲ್ಲಿ ಮುಚ್ಚಿಬಿಟ್ರಿ!"

ಮೇಸ್ತ್ರಿಗಳು ಒಳಗೆ ಓಡಿ ರಸಮಟ್ಟ ತಂದು ಸೀಟಿನ ಮೇಲಿಟ್ಟರು. "ನೋಡಿ, ನೀವೇ ನೋಡಿ! ಕೂದಲೆಳೆಯಷ್ಟು ಏರುಪೇರಿದ್ರೆ ಹೇಳಿ."

"ಕೇರಂ ಆಡೋಕೆ ಬಹಳ ಚೆನ್ನಾಗಿದೆ" ಎಂದ ಡ್ರೈವರ್. "ನಾನು ಹರಿದದ್ದು ಹೊಲೀರಿ ಅಂದೆ. ತಗ್ಗು ತೆಗೀರಿ ಅಂದ್ನಾ?"

ಮಾತಿಗೆ ಮಾತು ಬೆಳೆಯುತ್ತಿತ್ತೋ ಏನೋ, ಡ್ರೈವರನ ಹೆಂಡತಿ ನಡುವೆ ಬಂದು ತೀರ್ಪು ಕೊಟ್ಟಳು. ನಾಳಿದ್ದು ಬೆಳಿಗ್ಗೆ ದೂರದ ಲೋಡು ಇದೆ. ಅಲ್ಲಿಯವರೆಗೆ ತಾನು ಮಗಳ ಮನೆಗೆ ಹೋಗಿಬರುತ್ತೇನೆ. ಬಂದು ಕೂತು ನೋಡುತ್ತೇನೆ. ತನ್ನ ಜಾಗ ತನಗೆ ಸಿಕ್ಕಿದರೆ ಸರಿ, ಇಲ್ಲದಿದ್ದರೆ ಇವರೊಬ್ಬರೇ ಹೋಗಲಿ. "ಈ ಮಣೆ ಮೇಲೆ ಕೂತು ನಾಲ್ಕು ದಿನ ಜಾರೋಕೆ ನನ್ನ ಸೊಂಟದಲ್ಲಿ ಆಗಲ್ಲ."

ಮೀಸೆ ಡ್ರೈವರನ ಮೀಸೆ ಇಳಿಯಿತು. ಮೇಸ್ತ್ರಿಗಳನ್ನು ಪಕ್ಕಕ್ಕೆ ಕರೆದು, "ಅವಳು ಪಕ್ಕದಲ್ಲಿ ಮಾತಾಡ್ತಾ ಇದ್ರೇನೇ ನನಗೆ ರಸ್ತೆ ಕಾಣೋದು. ಒಬ್ನೇ ಓಡಿಸಿದವನೇ ಅಲ್ಲ ನಾನು. ನಿಮ್ಮ ಕೈಲಾಗದಿದ್ರೆ ಹೇಳಿ, ಮುಂದಿನ ಬೀದಿ ಅಂಗಡಿಗೆ ಹೋಗ್ತೀನಿ" ಎಂದ.

ಮುಂದಿನ ಬೀದಿಯ ಅಂಗಡಿ! ಅಲ್ಲಿಯವನು ಹೊಲಿಗೆ ಹಾಕುವ ಕಡೆ ಗೋಂದು ಹಚ್ಚುವವನು. "ಇಳಿಸಿ ಸೀಟು" ಎಂದರು ಮೇಸ್ತ್ರಿಗಳು. ಮೂವತ್ತೊಂದು ವರ್ಷ ಯಾರಿಗೂ ತಗ್ಗದವರು ತಗ್ಗು ಮಾಡಲು ಕೂತರು.

ಡ್ರೈವರನ ಭಾಗ ಸುಲಭವಾಗಿ ಮುಗಿಯಿತು. ಅವನನ್ನೇ ಕೂರಿಸಿ, ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಫೋಮು ಕೊರೆದು, ಸ್ಪ್ರಿಂಗಿನ ದಾರ ಬಿಗಿದು ತಗ್ಗಿಸಿದರು. ಕಷ್ಟವಾದದ್ದು ಕಿಟಕಿಯ ಕಡೆ. ಕೂರಬೇಕಾದವಳು ಮಗಳ ಮನೆಯಲ್ಲಿದ್ದಳು. ಇದ್ದಿದ್ದರೂ ಪರರ ಹೆಂಡತಿಯ ಸುತ್ತ ಸೀಮೆಸುಣ್ಣ ಎಳೆಯುವುದು ಹೇಗೆ? ಮೇಸ್ತ್ರಿಗಳು ಅಂದಾಜಿನಲ್ಲಿ ತಟ್ಟೆಯಗಲ ಗುಂಡಗೆ ಕೊರೆದು, ತಾವೇ ಕೂತು ನೋಡಿದರು. ಮೇಸ್ತ್ರಿಗಳೋ ದಬ್ಬಣದಂಥ ಆಳು. ಡಬ್ಬದೊಳಗೆ ಬಿದ್ದ ಚಮಚದ ಹಾಗೆ ಕಾಣಿಸಿದರು.

ಆಗಲೇ ಹೆಂಡತಿ ಒಗೆದ ಬಟ್ಟೆಯ ಬಕೆಟ್ ಹಿಡಿದು ಪರದೆ ಸರಿಸಿಕೊಂಡು ಬಂದಳು. ಮೇಸ್ತ್ರಿಗಳು ನೋಡಿದರು. ಎಷ್ಟೋ ವರ್ಷಗಳಿಂದ ನೋಡದ ಹಾಗೆ ನೋಡಿದರು. ಪಕ್ಕದಿಂದ ನೋಡಿದರು, ಎದ್ದು ಹಿಂದಿನಿಂದ ನೋಡಿದರು, ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಿದರು. ಅವಳಿಗೆ ನಾಚಿಕೆಯೇ ಆಯಿತು.

"ಏನ್ರೀ ಅದು, ಹಾಡುಹಗಲಲ್ಲಿ!"

"ಅಲ್ಲ ಕಣೇ, ನೀನೂ ಆ ಡ್ರೈವರ್ ಹೆಂಡತೀನೂ ಸರಿಯಾಗಿ ಒಂದೇ ಅಳತೆ!"

ಬಕೆಟ್ ನೆಲಕ್ಕೆ ಕೂತಿತು. "ಯಾವ ಅಳತೆ?"

ಇಲ್ಲಿ ನಿಲ್ಲಿಸಬಹುದಿತ್ತು. ಬುದ್ಧಿವಂತ ಗಂಡಂದಿರು ಇಲ್ಲೇ ನಿಲ್ಲಿಸುತ್ತಾರೆ. "ಅದೇ... ಕೂರೋ ಅಳತೆ" ಎಂದರು ಮೇಸ್ತ್ರಿಗಳು.

"ಅವರದ್ದು ಯಾವಾಗ ಅಳೆದ್ರಿ?"

"ಅಳೆದಿಲ್ಲ ಮಹರಾಯ್ತಿ, ಬರೀ ಕಣ್ಣಳತೆ!"

"ಓಹೋ! ಕಣ್ಣಲ್ಲೇ ಅಳೆದ್ರಾ!"

ಪರದೆ ಮುಚ್ಚಿತು. ಒಳಗಿನಿಂದ ಪಾತ್ರೆಗಳು ಮಾತಾಡತೊಡಗಿದವು. ಮೇಸ್ತ್ರಿಗಳು ಪರದೆಗೆ ಮುಖ ಮಾಡಿ ನಿಂತು, ಅದು ತಾವೇ ಹೊಲಿದ ಪರದೆ ಎಂಬುದನ್ನೂ ಮರೆತು, ಅದರ ಮುಂದೆ ಗೋಗರೆದರು. ನೀನು ದಪ್ಪ ಅಂದೆನಾ? ಅಳತೆ ಅಂದೆ. (ಒಂದು ತಟ್ಟೆ ಬಿದ್ದ ಸದ್ದು.) ನೀನು ಕೂರದಿದ್ದರೆ ಸೀಟು ಮುಂದಿನ ಬೀದಿಗೆ ಹೋಗುತ್ತದೆ. (ಎರಡು ತಟ್ಟೆ.) ಕೊನೆಗೆ ಬೇರೆ ದಾರಿ ಕಾಣದೆ, "ಆ ಅಕ್ಕ ಲಾರಿ ಹತ್ತಲ್ವಂತೆ ಕಣೇ. ಇಪ್ಪತ್ತೆರಡು ವರ್ಷ ಜೊತೇಲಿ ಹೋದವರು. ಈ ಸಲ ಅವನೊಬ್ನೇ ಹೋಗ್ಬೇಕಂತೆ" ಎಂದರು.

ಸದ್ದು ನಿಂತಿತು. ಪರದೆ ಸರಿಯಿತು.

"ಸರೀರಿ ಆ ಕಡೆ" ಎಂದು ಹೇಳಿ ಹೆಂಡತಿ ಬಂದು ಸೀಟಿನ ಮೇಲೆ ಕೂತರು. (ಇಲ್ಲಿಂದ ಮುಂದೆ ಆಕೆಗೂ ಬಹುವಚನ. ಆ ಸೀಟಿನ ಮೇಲೆ ಅವರು ಕೂತ ಠೀವಿ ನೋಡಿದ್ದರೆ ನೀವೂ ಏಕವಚನ ಬಳಸುವ ಧೈರ್ಯ ಮಾಡುತ್ತಿರಲಿಲ್ಲ.)

ಕೂತಲ್ಲೇ ಅತ್ತ ಇತ್ತ ಸರಿದು ನೋಡಿದರು. ಆಮೇಲೆ ಶುರುವಾಯಿತು.

"ಇದೇನ್ರೀ, ಮುಂದಿನ ಅಂಚು ಮೊಣಕಾಲಿನ ಹಿಂದೆ ಕೊಯ್ಯುತ್ತೆ. ನನ್ನ ಕಾಲು ನೆಲಕ್ಕೇ ತಾಗಲ್ಲ. ಸೀಟು ಹಿಂದಕ್ಕೆ ಸ್ವಲ್ಪ ವಾಲ್ಬೇಕು, ಇಲ್ಲದಿದ್ರೆ ಜಾರ್ದೆ ಇನ್ನೇನು? ಒರಗೋ ಕಡೆ ಹೆಗಲಿಗೆ ಗುದ್ದುತ್ತೆ, ಸೊಂಟದ ಹತ್ರ ಏನೂ ಇಲ್ಲ. ಮತ್ತೆ ಈ ತಗ್ಗೇನು, ಗುಂಡಗೆ? ಕೂರೋರು ಮನುಷ್ಯರಾ, ಬೋಗುಣಿಯಾ?"

"ಮೂವತ್ತೊಂದು ವರ್ಷದಲ್ಲಿ ಒಬ್ರೂ ಈ ಮಾತು..."

"ಮೂವತ್ತೊಂದು ವರ್ಷದಲ್ಲಿ ಒಂದು ದಿನವಾದ್ರೂ ನನ್ನನ್ನ ಕೂರ್ಸಿ ನೋಡಿದ್ರಾ? ಮುಟ್ಬೇಡ, ಗುರುತು ಬೀಳುತ್ತೆ, ಇದೇ ಆಯ್ತು. ಹೋಗಿ ದಬ್ಬಣ ತಗೊಳ್ಳಿ."

ಮೆತ್ತೆ ಹೊಲಿಯುವ ಮೇಸ್ತ್ರಿಗಳು ಮೆತ್ತಗಾದರು. ಅವರು ಫೋಮು ಕತ್ತರಿಸಿದರು, ಆಕೆ ಕೂತರು. ಅವರು ಅಂಚು ತಗ್ಗಿಸಿದರು, ಆಕೆ ಎದ್ದು ಮತ್ತೆ ಕೂತರು. ಸರಿಯಾಯಿತು ಎಂದು ಮೇಸ್ತ್ರಿಗಳು ದಾರ ಕೈಗೆತ್ತಿಕೊಂಡರೆ, "ತಾಳಿ, ಐದು ನಿಮಿಷ ಕೂತ್ರೆ ಎಲ್ಲ ಸೀಟೂ ಚೆನ್ನಾಗೇ ಇರುತ್ತೆ" ಎಂದು ಮಡಿಲಲ್ಲಿ ಬಟಾಣಿ ಸುರಿದುಕೊಂಡು ಸಿಪ್ಪೆ ಬಿಡಿಸುತ್ತ ಒಂದು ಗಂಟೆ ಕೂತರು. ಆಮೇಲೆ ಇನ್ನೊಂದು ಯೋಚನೆ ಬಂತು.

"ಲಾರಿ ನಿಂತಲ್ಲೇ ನಿಂತಿರುತ್ತಾ? ಅಲ್ಲಾಡಿಸಿ."

ಮೇಸ್ತ್ರಿಗಳು ಚೌಕಟ್ಟಿನ ತುದಿ ಹಿಡಿದು ಅಲ್ಲಾಡಿಸಿದರು.

"ಇದು ಯಾವ ರಸ್ತೆ? ಟಾರು ರಸ್ತೆಯಾ? ಹಳ್ಳ ಬೀಳ್ಸಿ! ಈಗ ಬಲಕ್ಕೆ ತಿರುವು. ಬ್ರೇಕ್! ಬ್ರೇಕ್ ಅಂದೆ!"

ಸಂಜೆ ಹೊತ್ತಿಗೆ ಮೇಸ್ತ್ರಿಗಳು ನಿಂತ ಜಾಗದಲ್ಲೇ ನೂರಾರು ಮೈಲಿ ಲಾರಿ ಓಡಿಸಿ ಬಸವಳಿದು ನೆಲದ ಮೇಲೆ ಕೂತಿದ್ದರು. ಬಟಾಣಿ ಒಂದೂ ಚೆಲ್ಲಿರಲಿಲ್ಲ. ಹೆಂಡತಿ ಎದ್ದು, ತಾವು ಕೂತಿದ್ದ ಜಾಗವನ್ನು ಕೈಯಿಂದ ಸವರಿ, "ಈಗ ಹೊಲೀರಿ" ಎಂದರು. ಮಾರನೆಯ ದಿನವಿಡೀ ಹೊಲಿದರು. ಸೀಟು ಹಳ್ಳದಿಣ್ಣೆಯಾಗಿತ್ತು, ರಸಮಟ್ಟದ ಗುಳ್ಳೆಗೆ ತಲೆತಿರುಗುವಂತಿತ್ತು. ಆದರೆ ಜೋಡಿ ಹೊಲಿಗೆ ಮಾತ್ರ ಆ ತಗ್ಗಿನೊಳಗೆ ಇಳಿದು, ದಿಣ್ಣೆ ಹತ್ತಿ, ಮತ್ತೆ ಇಳಿದು, ಎಲ್ಲೂ ದಾರಿ ತಪ್ಪಿರಲಿಲ್ಲ. ಅಂಥ ಹೊಲಿಗೆಯನ್ನು ಮೇಸ್ತ್ರಿಗಳು ತಮ್ಮ ಜನ್ಮದಲ್ಲೇ ಹಾಕಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಡ್ರೈವರನ ಹೆಂಡತಿ ಬಂದಳು. ಲಾರಿ ಹತ್ತಿದಳು. ಕೂತಳು. ಕೆಳಗೆ ನಿಂತ ಮೂವರೂ ಕತ್ತೆತ್ತಿ ಅವಳನ್ನೇ ನೋಡಿದರು. ಅವಳು ದಿಣ್ಣೆಯ ಮೇಲೆ ಊಟದ ಡಬ್ಬಿ ಇಟ್ಟಳು. ಹಿಂದಕ್ಕೆ ಒರಗಿದಳು. ಎರಡೂ ಕಾಲನ್ನು ನೆಲಕ್ಕೆ ಊರಿ ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿ, "ನಿಂತ್ಕೊಂಡು ಏನ್ ನೋಡ್ತೀರಾ? ಹೊತ್ತಾಯ್ತು, ಹತ್ತಿ" ಎಂದಳು.

ಮೀಸೆ ಮತ್ತೆ ಮೇಲೆದ್ದಿತು. ಮೇಸ್ತ್ರಿಗಳ ಎದೆಯೂ ಅಷ್ಟೇ ಮೇಲೆದ್ದಿತು. ಅವರು ಗಂಟಲು ಸರಿಮಾಡಿಕೊಂಡು, "ಮೂವತ್ತೊಂದು ವರ್ಷದ ಅನುಭವ ಅಕ್ಕಾ, ನೋಡಿ, ಈ ಕೈ..." ಎಂದು ಶುರುಮಾಡಿದರು.

"ನೀವು ಹೊಲಿದಿರಬಹುದು ಮೇಸ್ತ್ರಿಗಳೇ, ಚೆನ್ನಾಗೇ ಹೊಲಿದಿದೀರಿ" ಎಂದಳು ಅವಳು ಕಿಟಕಿಯಿಂದ. "ಆದ್ರೆ ಇದರ ಮೇಲೆ ಕೂತು ನೋಡಿದವರು ಬೇರೆ ಯಾರೋ ಇದಾರೆ. ಎಲ್ಲಿ ಅವರು?"

ಮೇಸ್ತ್ರಿಗಳ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ಸಿಕ್ಕಿಬೀಳಲು ಅಷ್ಟು ಸಾಕಾಯಿತು. ಅಳತೆಯ ವಿಷಯವಾಗಿ ಯಾರೂ ಏನೂ ಹೇಳಲಿಲ್ಲ. ಕಿಟಕಿಯಿಂದ ಒಂದು ಕೈ ಕೆಳಗಿಳಿಯಿತು, ಇನ್ನೊಂದು ಕೈ ಮೇಲೆ ಹೋಗಿ ಅದನ್ನು ಹಿಡಿದುಕೊಂಡಿತು. ಲಾರಿ ಹೊರಟಿತು.

ಲಾರಿಯವರ ಬಾಯಲ್ಲಿ ಸುದ್ದಿ ನಿಲ್ಲುವುದಿಲ್ಲ. ತಿಂಗಳು ಕಳೆಯುವಷ್ಟರಲ್ಲಿ ಎಲ್ಲೆಲ್ಲಿಂದಲೋ ಹಳೆಯ ಲಾರಿಗಳು ಅಂಗಡಿಯ ಮುಂದೆ ಸಾಲು ನಿಂತವು. ಮೇಸ್ತ್ರಿಗಳು ಒಳ್ಳೆಯ ಅಂಗಿ ತೊಟ್ಟು ಬಾಗಿಲಲ್ಲಿ ನಿಂತರೆ, ಬಂದವರು ಅವರ ಹೆಗಲ ಮೇಲಿಂದ ಒಳಗೆ ಇಣುಕಿ, "ಅಮ್ಮ ಇದಾರಾ?" ಎಂದು ಕೇಳುತ್ತಿದ್ದರು.

"ನಾನೇ ಮೇಸ್ತ್ರಿ."

"ಗೊತ್ತು ಗೊತ್ತು. ಅಮ್ಮ ಒಂದು ಸಲ ಕೂತು ಸರಿ ಅಂದ್ರೆ ಸಾಕು, ತಗೊಂಡು ಹೋಗ್ತೀವಿ."

ಮೊನ್ನೆಯೂ ಒಬ್ಬ ಬಂದಿದ್ದ. ಅವನ ಸೀಟಿಗೆ ಮೇಸ್ತ್ರಿಗಳು ನಾಲ್ಕು ದಿನ ಬೆವರು ಸುರಿಸಿದ್ದರು. ಕೊನೆಯ ಹೊಲಿಗೆ ಹಾಕಿ, ಗಂಟು ಕಟ್ಟಿ, ದಾರ ಕತ್ತರಿಸಿ ಒಳಗೆ ಹೇಳಿಕಳಿಸಿದರು. ಹೆಂಡತಿ ಬಂದರು, ಕೂತರು, ಬಲಕ್ಕೆ ಒಮ್ಮೆ ವಾಲಿ ಎಡಕ್ಕೆ ಒಮ್ಮೆ ವಾಲಿದರು. ಎದ್ದರು. ಒಂದೇ ಮಾತು ಹೇಳಿದರು.

"ಬಿಚ್ಚಿ."

ಗಿರಾಕಿಯ ಮುಖ ಸಪ್ಪಗಾಯಿತು. ಮೇಸ್ತ್ರಿಗಳು ಮಾತ್ರ ನೆಲದ ಮೇಲೆ ಕೂತು, ಈಗಷ್ಟೇ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಕೀಳುತ್ತ, ಎದೆ ಸೆಟೆದುಕೊಂಡು ಅವನನ್ನೇ ಗದರಿದರು:

"ಮತ್ತೇನಂದ್ಕೊಂಡ್ರಿ? ನನ್ನ ಹೆಂಡತಿ ಒಪ್ಪೋದು ಅಂದ್ರೆ ಅಷ್ಟು ಸುಲಭಾನಾ?"